ದವಾಖಾನೆಯ ಖರ್ಚು ಯಾರ ಲೆಕ್ಕಕ್ಕೆ?



'ಆರೋಗ್ಯವೇ ಭಾಗ್ಯ' ಎಂಬ ಮಾತನ್ನು ನಾವೆಲ್ಲರೂ ಶಾಲೆಯ ಗೋಡೆಯ ಮೇಲೆ ಓದಿದ್ದೇವೆ. ಆದರೆ ಆ ಭಾಗ್ಯ ಕೈತಪ್ಪಿದ ದಿನ ಅದನ್ನು ಮರಳಿ ತರುವ ಖರ್ಚು ಯಾರದು ಎಂಬುದನ್ನು ಯಾವ ಗೋಡೆಯ ಮೇಲೂ ಬರೆದಿಲ್ಲ. ರೋಗಿ ಕೊಡಬೇಕೆ? ಸರ್ಕಾರ ಕೊಡಬೇಕೆ? ಊರು, ಸಂಘ, ದಾನಿಗಳು ಕೊಡಬೇಕೆ? ಎಲ್ಲರಿಗೂ ಆರೋಗ್ಯ ಸೇವೆ ಸಿಗಬೇಕೆಂದು ಬಾಯಿಮಾತಿಗೆ ಒಪ್ಪದವರಿಲ್ಲ. ಜಗಳ ಇರುವುದು ಖರ್ಚಿನ ವಿಷಯದಲ್ಲಿ ಮಾತ್ರ.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕ. ಆದ್ದರಿಂದ ಶಬ್ದಗಳಿಂದಲೇ ಆರಂಭಿಸುತ್ತೇನೆ. ಬೆಂಗಳೂರಿನ ಕಡೆಯವರು 'ಆಸ್ಪತ್ರೆ' ಎನ್ನುವುದನ್ನು ಬಗದಲ್, ಭಾಲ್ಕಿ, ಔರಾದ್ ಕಡೆಯ ನಾವು 'ದವಾಖಾನಿ' ಎನ್ನುತ್ತೇವೆ. 'ದವಾ' ಎಂದರೆ ಔಷಧಿ, 'ಖಾನಾ' ಎಂದರೆ ಮನೆ. ಇನ್ನು ಈ ಚರ್ಚೆಯಲ್ಲಿ ಬರುವ ಉಳಿದ ಮಾತುಗಳನ್ನು ನೋಡಿ: ಸರ್ಕಾರ, ಖಜಾನೆ, ಖರ್ಚು, ವಸೂಲಿ, ಬಾಕಿ. ಇವೆಲ್ಲ ಅರಬ್ಬಿ, ಫಾರ್ಸಿಯಿಂದ ಬಂದು ಕನ್ನಡದ ಮನೆಯಲ್ಲೇ ನೆಲೆಸಿದ ಶಬ್ದಗಳು. ಈ ಶಬ್ದಗಳ ಹಾಗೆ ಈ ಪ್ರಶ್ನೆಯೂ ನಮ್ಮ ನೆಲಕ್ಕೆ ಹೊಸದಲ್ಲ. ಬೀದರ್ ಸೀಮೆ ಸುಮಾರು ಆರುನೂರು ವರ್ಷಗಳಲ್ಲಿ ಇದಕ್ಕೆ ಬೇರೆ ಬೇರೆ ಉತ್ತರಗಳನ್ನು ಕಂಡಿದೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಸುಲ್ತಾನನ ಶಿಫಾಖಾನೆ

ಬೀದರ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕೋಟೆ, ಬಿದರಿ ಕಲೆ ಮತ್ತು 1472ರಲ್ಲಿ ಖ್ವಾಜಾ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ. ಆದರೆ ಆ ಮದರಸಾಕ್ಕಿಂತ ಮೊದಲೇ ಈ ನಗರದಲ್ಲಿ ಒಂದು ಶಿಫಾಖಾನೆ ಇತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾಹ (1436-1458) ಬೀದರಿನಲ್ಲಿ ಒಂದು ದೊಡ್ಡ ಆಸ್ಪತ್ರೆಯನ್ನು ಕಟ್ಟಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಅಲ್ಲಿ ಮುಸಲ್ಮಾನ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಲಾಗಿತ್ತು. ರೋಗಿಗಳ ಔಷಧಿ ಮತ್ತು ಊಟದ ಖರ್ಚಿಗಾಗಿ ಕೆಲವು ಹಳ್ಳಿಗಳ ಆದಾಯವನ್ನೇ ಬಿಟ್ಟುಕೊಡಲಾಗಿತ್ತು.

ವಿದ್ಯಾರ್ಥಿಗಳು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಚಿಕಿತ್ಸೆ ಪುಕ್ಕಟೆಯಾಗಿದ್ದರೂ ಅದರ ಖರ್ಚು ಎಲ್ಲಿಂದಲೋ ಬರಲೇಬೇಕು ಎಂಬುದನ್ನು ಆ ಕಾಲದವರು ಚೆನ್ನಾಗಿ ಅರಿತಿದ್ದರು. ಸುಲ್ತಾನ ಕಟ್ಟಡ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ವರ್ಷ ವರ್ಷವೂ ಬರುವ ಆದಾಯಕ್ಕೆ ದಾರಿ ಮಾಡಿದನು. ಅಂದರೆ ರೋಗ ಬರುವ ಮೊದಲೇ ಹಣ ಕೂಡಿಸಿ ಇಡುವ ವ್ಯವಸ್ಥೆ ಅದು. ಎರಡನೆಯದು ಅಷ್ಟು ಸಿಹಿಯಾದ ಸಂಗತಿಯಲ್ಲ. ಆ ಹಳ್ಳಿಗಳ ಆದಾಯ ಎಂದರೆ ಅಲ್ಲಿನ ರೈತರ ಬೆವರು. ದವಾಖಾನೆ ಇದ್ದದ್ದೋ ರಾಜಧಾನಿಯಲ್ಲಿ. ಎತ್ತಿನ ಗಾಡಿಯ ಆ ಕಾಲದಲ್ಲಿ ಜ್ವರ ಬಂದ ಹಳ್ಳಿಯ ರೈತರೆಷ್ಟು ಜನ ಅಲ್ಲಿಯವರೆಗೆ ಬಂದಾರು? ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ ಆಗುವ ಈ ತೊಡಕು ಮುಂದಿನ ಕಾಲದಲ್ಲಿಯೂ ನಮ್ಮನ್ನು ಬಿಡಲಿಲ್ಲ.

ನಿಜಾಮರ ಕಾಲ ಮತ್ತು ಭೋರ್ ಸಮಿತಿ

ಬಹಮನಿಗಳು ಹೋದರು, ಬರೀದಶಾಹಿಗಳು ಹೋದರು. ಕಡೆಗೆ ಬೀದರ್ ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿತು. ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಮೂಸಿ ನದಿಯ ದಂಡೆಯ ಮೇಲೆ ಉಸ್ಮಾನಿಯಾ ಆಸ್ಪತ್ರೆಯ ಭವ್ಯ ಕಟ್ಟಡ ಎದ್ದು ನಿಂತಿತು. ಅಲ್ಲಿ ಬಡವರಿಗೂ ಚಿಕಿತ್ಸೆ ದೊರೆಯುತ್ತಿತ್ತು. ಖರ್ಚು ರಾಜ್ಯದ ಖಜಾನೆಯದು. ಆದರೆ ಆ ದೊಡ್ಡ ಆಸ್ಪತ್ರೆಯೂ ಮತ್ತೆ ರಾಜಧಾನಿಯಲ್ಲೇ ಇತ್ತು. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. 'ಕೈ ಮೀರಿದರೆ ಹೈದರಾಬಾದಿಗೆ ಒಯ್ಯಿರಿ' ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿದೆ.

ಅದೇ ವೇಳೆಗೆ ಹೊರ ಜಗತ್ತಿನಲ್ಲಿ ಹೊಸ ಉತ್ತರಗಳು ಹುಟ್ಟಿದ್ದವು. ಜರ್ಮನಿಯಲ್ಲಿ 1883ರಲ್ಲಿ ಬಿಸ್ಮಾರ್ಕನ ಕಾಲದಲ್ಲಿ ಕಾರ್ಮಿಕರ ರೋಗ ವಿಮೆಯ ಕಾನೂನು ಬಂದಿತು. ವಂತಿಗೆಯ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅಲ್ಲಿ ಹೆಚ್ಚಿನ ಖರ್ಚು ಜನರ ತೆರಿಗೆಯಿಂದ. ಒಂದು ವಿಮೆಯ ದಾರಿ, ಇನ್ನೊಂದು ತೆರಿಗೆಯ ದಾರಿ. ಇಂದಿಗೂ ಜಗತ್ತಿನ ಚರ್ಚೆ ಬಹುಮಟ್ಟಿಗೆ ಈ ಎರಡು ದಾರಿಗಳ ನಡುವೆಯೇ ಇದೆ.

ಭಾರತದಲ್ಲಿ 1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. 1946ರಲ್ಲಿ ಅದರ ವರದಿ ಬಂದಿತು. ಹಣ ಕೊಡಲು ಶಕ್ತಿ ಇಲ್ಲವೆಂಬ ಕಾರಣಕ್ಕೆ ಯಾವ ವ್ಯಕ್ತಿಯೂ ಚಿಕಿತ್ಸೆಯಿಂದ ವಂಚಿತನಾಗಬಾರದು ಎಂಬುದು ಆ ವರದಿಯ ಮೂಲ ತತ್ವ. ಮೊದಲ ಹಂತದಲ್ಲಿ ಪ್ರತಿ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂದು ಅದು ಸೂಚಿಸಿತು. ರಾಜಧಾನಿಯ ದವಾಖಾನೆಯನ್ನು ಹಳ್ಳಿಯ ಬಾಗಿಲಿಗೆ ತರುವ ಕಲ್ಪನೆ ಅದು. ನಾವು ಇಂದು 'ಪಿ.ಎಚ್.ಸಿ.' ಎಂದು ಕರೆಯುವ ಕೇಂದ್ರಗಳ ಮೂಲ ಅಲ್ಲಿದೆ.

ಆದರೆ ಸ್ವಾತಂತ್ರ್ಯದ ನಂತರ ಖರ್ಚಿನ ಭದ್ರತೆ ಮೊದಲು ದೊರೆತದ್ದು ಯಾರಿಗೆ? 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಕಾರ್ಖಾನೆಯ ನೌಕರರಿಗೆ, 1954ರ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆ ಸರ್ಕಾರಿ ನೌಕರರಿಗೆ. ತೊಗರಿ ಬೆಳೆಯುವ ರೈತನಿಗೆ, ಗೌಂಡಿಗೆ, ಹಮಾಲನಿಗೆ, ಮನೆಯಲ್ಲಿ ಹೊಲಿಗೆ ಮಾಡುವ ವಿಧವೆಗೆ ಅಂಥ ಭದ್ರತೆ ಇರಲಿಲ್ಲ. ಸಂಬಳದ ಚೀಟಿ ಇದ್ದವರಿಗೆ ವಿಮೆ, ಇಲ್ಲದವರಿಗೆ ದೇವರೇ ಗತಿ ಎಂಬಂತಾಯಿತು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉದಗೀರ್ ಮುಂಬಯಿ ರಾಜ್ಯಕ್ಕೆ ಹೋದವು. ಭಾಷೆಯ ದೃಷ್ಟಿಯಿಂದ ಇದು ಸರಿಯಾದ ಹಂಚಿಕೆಯೇ. ಆದರೆ ನಮ್ಮ ಹೊಸ ರಾಜಧಾನಿ ಸುಮಾರು 700 ಕಿಲೋಮೀಟರ್ ದೂರವಾಯಿತು. ನಮಗೆ ಹತ್ತಿರದ ದೊಡ್ಡ ದವಾಖಾನೆಗಳು ರಾಜ್ಯದ ಗಡಿಯ ಆಚೆ ಉಳಿದವು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತಿಂಗಳಿಗೆ ಐದು ರೂಪಾಯಿ

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟಿತು. 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಹೇಳಿತು. ಆ 39ರಲ್ಲಿ 21 ನಮ್ಮ ಅಂದಿನ ಗುಲ್ಬರ್ಗಾ ವಿಭಾಗದವು.

ಅದರ ಮರುವರ್ಷ, 2003ರಲ್ಲಿ, ಕರ್ನಾಟಕದಲ್ಲಿ 'ಯಶಸ್ವಿನಿ' ಯೋಜನೆ ಜಾರಿಗೆ ಬಂದಿತು. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಪ್ರೇರಣೆ ಇದರ ಹಿಂದಿತ್ತು. ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ ಐದು ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಕೊಟ್ಟರೆ ಸಾಕು. ಸರ್ಕಾರ ತನ್ನ ಪಾಲಿನದನ್ನು ಸೇರಿಸುತ್ತಿತ್ತು. ಶಸ್ತ್ರಚಿಕಿತ್ಸೆ ಬೇಕಾದರೆ ಯೋಜನೆಯ ಆಸ್ಪತ್ರೆಗಳಲ್ಲಿ ನಗದು ಕೊಡದೆ ಮಾಡಿಸಿಕೊಳ್ಳಬಹುದಿತ್ತು. ಮೊದಲ ವರ್ಷವೇ ಲಕ್ಷಾಂತರ ರೈತರು ಸೇರಿದರು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಬಡ ರೈತ ತಾನೂ ಕೊಟ್ಟಿದ್ದೇನೆ ಎಂಬ ಹಕ್ಕಿನಿಂದ ತಲೆಯೆತ್ತಿ ದವಾಖಾನೆಗೆ ಹೋದನು.

ಆದರೆ ಸಹಕಾರ ಸಂಘದ ಸದಸ್ಯತ್ವ ಇಲ್ಲದ ಕೂಲಿಕಾರನ ಗತಿ ಏನು? ಭೂಮಿ ಇಲ್ಲದವನಿಗೆ ಸಹಕಾರ ಸಂಘದ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಬರಗಾಲದ ವರ್ಷ ವಂತಿಗೆ ಕಟ್ಟದೆ ಬಿಟ್ಟವನ ಗತಿ ಏನು? ರೋಗವಂತೂ ರಸೀದಿ ನೋಡಿ ಬರುವುದಿಲ್ಲ. ಯಶಸ್ವಿನಿ 2018ರಲ್ಲಿ ನಿಂತುಹೋಯಿತು. ಜನರ ಒತ್ತಾಯದ ಮೇರೆಗೆ 2022ರ ಕೊನೆಯಲ್ಲಿ ಮತ್ತೆ ಆರಂಭವಾಯಿತು. ಅದರ ಗುಣವೂ ಕೊರತೆಯೂ ಎರಡೂ ನಿಜವೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ವಿಭಾಗದಿಂದ ಆರಂಭವಾದ ಪ್ರಯೋಗ

ನೆರೆಯ ಆಂಧ್ರದಲ್ಲಿ 2007ರಲ್ಲಿ ರಾಜೀವ್ ಆರೋಗ್ಯಶ್ರೀ ಆರಂಭವಾಗಿ, 2008ರ ವೇಳೆಗೆ ರಾಜ್ಯಕ್ಕೆಲ್ಲ ಹರಡಿತು. ಒಂದು ಕಾಲಕ್ಕೆ ಬೀದರಿನದೇ ಆಗಿದ್ದ ಜಹೀರಾಬಾದಿನ ಬಡವನಿಗೆ ದೊಡ್ಡ ರೋಗದ ಚಿಕಿತ್ಸೆ ಸರ್ಕಾರದ ಖರ್ಚಿನಲ್ಲಿ ಸಿಗತೊಡಗಿತು. ಬೀದರಿನ ಬಡವ ಇನ್ನೂ ಕಾಯುತ್ತಿದ್ದ.

2010ರಲ್ಲಿ ಕರ್ನಾಟಕ ಸರ್ಕಾರ 'ವಾಜಪೇಯಿ ಆರೋಗ್ಯಶ್ರೀ' ಯೋಜನೆಯನ್ನು ತಂದಿತು. ಅದನ್ನು ಮೊದಲು ಜಾರಿಗೊಳಿಸಿದ್ದು ಬೆಂಗಳೂರಿನಲ್ಲಿ ಅಲ್ಲ, ನಮ್ಮ ಗುಲ್ಬರ್ಗಾ ವಿಭಾಗದಲ್ಲಿ. ಯಾವಾಗಲೂ ಕೊನೆಯ ಪಂಕ್ತಿಯಲ್ಲಿ ಕೂರುವ ನಮಗೆ ಮೊದಲ ಪಂಕ್ತಿ ಸಿಕ್ಕ ಅಪರೂಪದ ಸಂದರ್ಭವಿದು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವಂತಿಗೆ ಇಲ್ಲ, ಬೇರೆ ನೋಂದಣಿ ಇಲ್ಲ. ಪಡಿತರ ಚೀಟಿಯೇ ಸಾಕು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರರೋಗ, ಸುಟ್ಟಗಾಯ, ನವಜಾತ ಶಿಶುಗಳ ಕಾಯಿಲೆ ಮೊದಲಾದ ದೊಡ್ಡ ಚಿಕಿತ್ಸೆಗಳಿಗೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ, ಅಗತ್ಯ ಬಿದ್ದರೆ ಇನ್ನೂ 50,000 ರೂಪಾಯಿ. ಖರ್ಚು ಸರ್ಕಾರದ್ದು. ಹಳ್ಳಿಗಳ ಕಡೆ ಶಿಬಿರಗಳನ್ನು ನಡೆಸಿ ರೋಗಿಗಳನ್ನು ಗುರುತಿಸಲಾಯಿತು.

ಇದರಿಂದ ಏನಾದರೂ ಪ್ರಯೋಜನವಾಯಿತೆ? ಸಂಶೋಧಕರು ಯೋಜನೆ ಬಂದಿದ್ದ ಮತ್ತು ಇನ್ನೂ ಬಾರದಿದ್ದ ಪ್ರದೇಶಗಳ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಶೇಕಡಾ 0.32, ಇಲ್ಲದ ಕಡೆ ಶೇಕಡಾ 0.90 ಎಂದು ಅವರು ಕಂಡರು. ಆ ರೋಗಗಳಿಗಾಗಿ ಆಸ್ಪತ್ರೆ ಸೇರಿದಾಗ ಕುಟುಂಬದ ಜೇಬಿನಿಂದ ಹೋಗುವ ಖರ್ಚು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗಿತ್ತು. ಒಂದು ಅಧ್ಯಯನ ಕೊನೆಯ ಮಾತಲ್ಲ, ನಿಜ. ಆದರೂ ಖರ್ಚು ಯಾರು ಕೊಡುತ್ತಾರೆ ಎಂಬುದು ಬರೀ ಲೆಕ್ಕಪತ್ರದ ವಿಷಯವಲ್ಲ, ಯಾರು ಬದುಕುತ್ತಾರೆ ಎಂಬುದರ ವಿಷಯವೂ ಹೌದು ಎಂದು ಅದು ತೋರಿಸಿಕೊಟ್ಟಿತು.

ಮುಂದೆ 2018ರ ಮಾರ್ಚ್ 2ರಂದು 'ಆರೋಗ್ಯ ಕರ್ನಾಟಕ' ಬಂದಿತು. ಅದೇ ವರ್ಷ ಅಕ್ಟೋಬರ್ 30ರಿಂದ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಅದು ಒಂದಾಯಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ರೇಖೆಯ ಮೇಲಿನವರಿಗೆ ನಿಗದಿತ ದರದ ಶೇಕಡಾ 30ರಷ್ಟು ಸರ್ಕಾರದಿಂದ, ಉಳಿದದ್ದು ಕುಟುಂಬದಿಂದ. ಸುಲ್ತಾನನ ದತ್ತಿ, ರೈತನ ವಂತಿಗೆ, ಸರ್ಕಾರದ ಖಜಾನೆ, ರೋಗಿಯ ಜೇಬು ಹೀಗೆ ಇಷ್ಟು ದಿನ ನೋಡಿದ ಉತ್ತರಗಳಲ್ಲಿ ಕೊನೆಯ ಎರಡನ್ನು ಇಲ್ಲಿ ಒಂದೇ ಕಾರ್ಡಿನಲ್ಲಿ ಕೂಡಿಸಲಾಯಿತು.

ವಾದ ಮತ್ತು ಪ್ರತಿವಾದ

'ಪುಕ್ಕಟೆ ಕೊಟ್ಟರೆ ಬೆಲೆ ಇರುವುದಿಲ್ಲ, ಜನ ಸೋಮಾರಿಗಳಾಗುತ್ತಾರೆ' ಎಂದು ಕೆಲವರು ಹೇಳುತ್ತಾರೆ. ಎದೆ ಸೀಳಿಸಿಕೊಳ್ಳುವ ಆಸೆಯಿಂದ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೆ? ಇನ್ನು ಬಡವ ಏನೂ ಕೊಡುವುದಿಲ್ಲ ಎಂಬುದೂ ತಪ್ಪು. ಸಾಬೂನು, ಚಪ್ಪಲಿ, ಬಸ್ಸಿನ ಡೀಸೆಲ್, ಎಲ್ಲದರಲ್ಲೂ ಅವನು ತೆರಿಗೆ ಕೊಡುತ್ತಲೇ ಇದ್ದಾನೆ. ಖಜಾನೆಯಲ್ಲಿ ಅವನ ಪಾಲೂ ಇದೆ.

'ತೆರಿಗೆಯ ಹಣ ಖಾಸಗಿ ಆಸ್ಪತ್ರೆಗಳಿಗೆ ಹರಿದುಹೋಗುತ್ತದೆ, ಸರ್ಕಾರಿ ದವಾಖಾನೆ ಬಡವಾಗುತ್ತದೆ' ಎಂಬುದು ಇನ್ನೊಂದು ವಾದ. ಇದರಲ್ಲಿ ತೂಕವಿದೆ. ಕಾರ್ಡು ಆಸ್ಪತ್ರೆ ಸೇರಿದವನಿಗೆ ನೆರವಾಗುತ್ತದೆ. ಆದರೆ ಸಕ್ಕರೆ ಕಾಯಿಲೆಯವನು, ರಕ್ತದೊತ್ತಡದವನು ದಿನವೂ ನುಂಗುವ ಮಾತ್ರೆಯ ಖರ್ಚು ಅದರಲ್ಲಿ ಬರುವುದಿಲ್ಲ. ಅದಕ್ಕೆ ಹಳ್ಳಿಯ ಆರೋಗ್ಯ ಕೇಂದ್ರವೇ ಗಟ್ಟಿಯಾಗಬೇಕು. ಕಾರ್ಡು ಎಷ್ಟೇ ಇದ್ದರೂ ಹತ್ತಿರ ವೈದ್ಯರಿಲ್ಲದಿದ್ದರೆ ಏನು ಫಲ? 2007ರಲ್ಲಿ ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ಈ ದೃಷ್ಟಿಯಿಂದ ಯಾವ ಕಾರ್ಡಿಗೂ ಕಡಿಮೆಯಾದದ್ದಲ್ಲ.

'ವೈದ್ಯರು ಪುಕ್ಕಟೆ ದುಡಿಯಬೇಕೆ?' ಎಂಬುದು ಮೂರನೆಯ ಪ್ರಶ್ನೆ. 2023ರಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕಿನ ಕಾಯಿದೆ ಮಾಡಿದಾಗ ಖಾಸಗಿ ವೈದ್ಯರು ಬೀದಿಗಿಳಿದರು. ತುರ್ತು ಚಿಕಿತ್ಸೆಯ ಹಣ ಯಾರು, ಯಾವಾಗ ಕೊಡುತ್ತಾರೆ ಎಂಬುದು ಅವರ ಮುಖ್ಯ ಆತಂಕಗಳಲ್ಲಿ ಒಂದು. ಹಕ್ಕು ಕೊಟ್ಟು ಹಣದ ದಾರಿ ತೋರಿಸದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಹಳ್ಳಿಗಳ ಆದಾಯ ಬಿಟ್ಟುಕೊಟ್ಟ ಆ ಬಹಮನಿ ಸುಲ್ತಾನನಿಗೆ ಈ ಮಾತು ಗೊತ್ತಿತ್ತು.

ದೇಶದ ಲೆಕ್ಕ ಈ ನಡುವೆ ಸ್ವಲ್ಪ ಸುಧಾರಿಸಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇಕಡಾ 64.2 ಜನರ ಜೇಬಿನಿಂದಲೇ ಹೋಗುತ್ತಿತ್ತು. 2021-22ರಲ್ಲಿ ಅದು ಶೇಕಡಾ 39.4ಕ್ಕೆ ಇಳಿಯಿತು. ಆದರೂ ನೂರಕ್ಕೆ ಸುಮಾರು ನಲವತ್ತು ರೂಪಾಯಿ ಎಂದರೆ ಬಡವನಿಗೆ ಸಣ್ಣ ಮೊತ್ತವಲ್ಲ.

ಹಾಜರಿ ಪುಸ್ತಕದ ಲೆಕ್ಕ

ಈಗ ಒಂದು ಸ್ವಂತ ಅನುಭವ ಹೇಳಿ ಮುಗಿಸುತ್ತೇನೆ. 2016ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಉರ್ದು, ಕನ್ನಡ ಎರಡರಲ್ಲೂ ಮುತ್ತಿನಂಥ ಅಕ್ಷರ. ಅವಳ ತಂದೆ ಹೈದರಾಬಾದಿನಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದರು. ಕೆಲಸದ ಮೇಲಿದ್ದಾಗಲೇ ಎದೆನೋವು ಬಂದು ಕುಸಿದರು. ಜೊತೆಯವರು ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಮನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿ ಇತ್ತು. ಆದರೆ ಅದು ನಮ್ಮ ರಾಜ್ಯದ್ದು, ಇಲ್ಲಿ ನಡೆಯುವುದಿಲ್ಲ ಎಂದು ಅಲ್ಲಿ ಹೇಳಿದರು. 1956ರಲ್ಲಿ ನಕ್ಷೆಯ ಮೇಲೆ ಎಳೆದ ಗೆರೆ ಅರವತ್ತು ವರ್ಷಗಳ ನಂತರ ಒಬ್ಬ ಗೌಂಡಿಯ ಎದೆಯ ಮೇಲೆ ಹಾದುಹೋಯಿತು.

ಒಂದೂವರೆ ಎಕರೆ ಹೊಲ ಹೋಯಿತು, ತಾಯಿಯ ಬಳೆಗಳು ಹೋದವು. ದೇವರ ದಯದಿಂದ ತಂದೆ ಬದುಕಿದರು. ಆದರೆ ಭಾರ ಎತ್ತುವ ಕೆಲಸ ಮಾಡಲಾಗಲಿಲ್ಲ. ಹುಡುಗಿ ತೊಗರಿ ಕಟಾವಿಗೆ ಹೋಗತೊಡಗಿದಳು. ನಾನು ಕೆಲವು ವಾರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಗೈರು' ಎಂದು ಬರೆದೆ. ಒಂದು ದಿನ ಕೆಂಪು ಶಾಯಿಯಿಂದ ಆ ಹೆಸರನ್ನು ಹೊಡೆದುಹಾಕಿದೆ. ಅವಳ ಮನೆಗೆ ಹೋಗಿ ವಿಚಾರಿಸಿದ್ದು ಅದರ ನಂತರ. ಮೊದಲೇ ಹೋಗಿದ್ದರೆ ಏನಾದರೂ ದಾರಿ ಹುಡುಕಬಹುದಿತ್ತೇನೋ. ಆ ತಪ್ಪು ನನ್ನದು.

ಅಂದಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಖರ್ಚು ಯಾರು ಕೊಡಬೇಕು ಎಂದು ದೊಡ್ಡವರು ಚರ್ಚಿಸುತ್ತಿರುವಾಗಲೂ ಯಾರೋ ಒಬ್ಬರು ಆ ಖರ್ಚನ್ನು ಕೊಡುತ್ತಲೇ ಇರುತ್ತಾರೆ. ಸುಲ್ತಾನ ಕೊಡದಿದ್ದರೆ, ಸರ್ಕಾರ ಕೊಡದಿದ್ದರೆ, ವಿಮೆ ಕೊಡದಿದ್ದರೆ, ಕೊನೆಗೆ ಅದನ್ನು ಕೊಡುವುದು ಒಂದು ಮಗುವಿನ ಓದು. ಯಾವ ಬಜೆಟ್ಟಿನಲ್ಲೂ ಈ ಖರ್ಚು ಕಾಣುವುದಿಲ್ಲ. ಅದು ಕಾಣುವುದು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ. ಆದ್ದರಿಂದಲೇ ವಿದ್ಯಾಸಂಸ್ಥೆಯ ಪತ್ರಿಕೆಯಲ್ಲಿ ಆರೋಗ್ಯದ ಖರ್ಚಿನ ಬಗ್ಗೆ ಬರೆಯುವುದು ನನಗೆ ಹೊರಗಿನ ವಿಷಯ ಎನಿಸಲಿಲ್ಲ.

ಎಲ್ಲರೂ ಆರೋಗ್ಯವಾಗಿರುವಾಗ ಎಲ್ಲರೂ ಸೇರಿ ಕೊಡುವುದು, ಇಲ್ಲವೇ ರೋಗ ಬಂದ ದಿನ ಒಬ್ಬನೇ ಎಲ್ಲವನ್ನೂ ಕೊಡುವುದು, ಇರುವ ದಾರಿ ಇವೆರಡೇ. ಮೊದಲನೆಯದೇ ನ್ಯಾಯದ ದಾರಿ ಎಂದು ನನ್ನ ನಂಬಿಕೆ. ವಿದ್ಯಾರ್ಥಿಗಳೇ, ಮುಂದೆ ಯಾವ ಯೋಜನೆಯ ಹೆಸರು ಕೇಳಿದರೂ ಮೂರು ಪ್ರಶ್ನೆ ಕೇಳಿ. ಹಣ ಯಾರದು? ಅದನ್ನು ರೋಗಕ್ಕೆ ಮೊದಲು ಕೂಡಿಸುತ್ತಾರೋ, ರೋಗ ಬಂದ ಮೇಲೆ ಕೇಳುತ್ತಾರೋ? ಹೊರಗೆ ಉಳಿದವರು ಯಾರು?

ಸದಸ್ಯರಲ್ಲಿ ನನ್ನದೊಂದು ವಿನಂತಿ. ಆಯುಷ್ಮಾನ್ ಭಾರತದಲ್ಲಿ ಬೇರೆ ರಾಜ್ಯದಲ್ಲಿಯೂ ಚಿಕಿತ್ಸೆ ಪಡೆಯುವ ಅವಕಾಶವನ್ನು ಕಲ್ಪಿಸಲಾಗಿದೆ. ಹೈದರಾಬಾದ್, ಪುಣೆ, ಮುಂಬಯಿಗೆ ದುಡಿಯಲು ಹೋಗುವ ನಮ್ಮ ಜನರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ಪ್ರತಿ ವರ್ಷ ಶಾಲೆಗೆ ದಾಖಲಾತಿ ಮಾಡುವಾಗ ತಂದೆತಾಯಿಗಳ ಬಳಿ ಜನ್ಮ ದಿನಾಂಕ ಕೇಳುವ ಹಾಗೆ ಕಾರ್ಡು ಆಗಿದೆಯೆ ಎಂದೂ ಕೇಳೋಣ. ಆಗಿಲ್ಲದಿದ್ದರೆ ಅರ್ಜಿ ತುಂಬಿಕೊಡೋಣ. ನಾನಂತೂ ಈಗ ಮಗು ಮೂರು ದಿನ ಗೈರಾದರೆ ನಾಲ್ಕನೆಯ ದಿನ ಅವರ ಮನೆಯ ಬಾಗಿಲಲ್ಲಿರುತ್ತೇನೆ.